ನಡುವಿನ ತುಂಡು ಯಾರದು

ಅಂಗಡಿಯಲ್ಲಿ ತೋರಿಸಿದ ಮೊದಲನೆಯ ಸೀರೆಯನ್ನೇ ಕಟ್ಟಿಸಿಕೊಂಡು ಹೋಗುವ ಗಿರಾಕಿಯನ್ನು ಕಂಡರೆ ನನಗೆ ಖುಷಿಯೂ ಆಗುತ್ತದೆ, ಕನಿಕರವೂ ಆಗುತ್ತದೆ. ಖುಷಿ ವ್ಯಾಪಾರಿಯಾಗಿ, ಕನಿಕರ ಮನುಷ್ಯನಾಗಿ. ಎರಡೂ ಒಟ್ಟಿಗೆ ಬಂದಾಗ ಮೊದಲು ಬಿಲ್ಲು ಬರೆಯುತ್ತೇನೆ, ಆಮೇಲೆ ಕನಿಕರಪಡುತ್ತೇನೆ. ಆದರೆ ನೀವು ನನ್ನ ಗಿರಾಕಿಯಲ್ಲ, ಓದುಗರು. ಆದ್ದರಿಂದ ನಿಮಗೆ ಬಿಟ್ಟಿಯಾಗಿ ಎರಡು ಬುದ್ಧಿಮಾತು ಹೇಳಿಬಿಡುತ್ತೇನೆ. ಒಂದು, ಅಂಗಡಿಯಲ್ಲಿರುವ ಮಾಲನ್ನೆಲ್ಲ ನೋಡದೆ ಒಂದನ್ನು ಆರಿಸಬೇಡಿ. ಎರಡು, ಬಟ್ಟೆ ಯಾವುದೇ ಇರಲಿ, ತಿರುವಿ ಹಿಂದಿನ ಮಗ್ಗುಲು ನೋಡದೆ ಮಾತು ಮುಗಿಸಬೇಡಿ. ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಮಸ್ಕಿಯ ಸಂತೆಗೆ ಹೋಗುತ್ತಿದ್ದ ನಾನು ಇವತ್ತು ಸಿಂಧನೂರಿನಲ್ಲಿ ಎರಡು ಬಾಗಿಲಿನ ಅಂಗಡಿ ಇಟ್ಟಿರುವುದು ಈ ಎರಡು ಮಾತಿನ ಮೇಲೆ. ಇದರಲ್ಲಿ ಮೊದಲನೆಯದನ್ನು ಅತಿಯಾಗಿ ಪಾಲಿಸಿ ಎರಡನೆಯದನ್ನು ಮರೆತದ್ದರಿಂದ ನಾನು ಹೇಗೆ ಮೂವರು ಹೆಂಗಸರ ಮುಂದೆ ಪೆಚ್ಚಾದೆ ಎನ್ನುವುದು ಈ ಪ್ರಬಂಧದ ವಿಷಯ. ಮೂವರು ಎಂದೆ, ಕೊನೆಗೆ ಎಣಿಸಿದಾಗ ನಾಲ್ವರಾದರು. ಲೆಕ್ಕದಲ್ಲಿ ನಾನು ಅಷ್ಟು ಪಕ್ಕಾ ಅಲ್ಲ ಎಂದು ಈಗಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ನಮ್ಮ ಮಗಳು ಶೋಭಾಳನ್ನು ಲಿಂಗಸುಗೂರಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ಸಿಂಧನೂರಿಗೆ ಬಂದಳು, ಹೆಣ್ಣು ಕೂಸನ್ನು ಹಡೆದಳು. ತೊಟ್ಟಿಲ ಕಾರ್ಯಕ್ಕೆ ದಿನ ಗೊತ್ತಾಯಿತು. ಆ ದಿನ ತೊಟ್ಟಿಲಲ್ಲಿ ಹಾಸಲು ಒಂದು ಕೌದಿ ಬೇಕು. ಕೌದಿ ಎಂದರೆ ಗೊತ್ತಲ್ಲ, ಒಗೆದೊಗೆದು ಮೆತ್ತಗಾದ ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು, ಮೇಲೆ ಬಣ್ಣಬಣ್ಣದ ಚೌಕದ ತುಂಡು ಕೂಡಿಸಿ, ಒತ್ತೊತ್ತಾಗಿ ಸೂಜಿ ಹಾಕಿ ಹೊಲಿಯುವ ಹಾಸಿಗೆ. ಕೂಸಿನ ಮೊದಲ ಕೌದಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಮಕ್ಕಳನ್ನು ಸಾಕಿದ ಹೆಂಗಸರು ಉಟ್ಟ ಸೀರೆಯೇ ಬೇಕು. ಬಟ್ಟೆ ಮಾರುವವನ ಮೊಮ್ಮಗಳಿಗೆ ಹಳೆಯ ಸೀರೆಯೇ ಗತಿ. ಇದರಲ್ಲಿ ನನಗೆ ಒಂದು ಮೀಟರಿನ ವ್ಯಾಪಾರವೂ ಇಲ್ಲ ಎನ್ನುವುದನ್ನು ನೀವು ಗಮನಿಸಬೇಕು.

ಮೂರು ಸೀರೆ ಕೂಡಿದವು. ನನ್ನ ಹೆಂಡತಿ ನೀಲಮ್ಮನ ಕೆಂಪು ನೂಲಿನ ಸೀರೆ. ನಮ್ಮ ಬೀಗತಿ ಶಂಕ್ರಮ್ಮನವರು ಲಿಂಗಸುಗೂರಿನಿಂದ ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸಿದ ಹಳದಿ ಸೀರೆ. ಬಸುರಿಯಿದ್ದಾಗ ಶೋಭಾ ಉಟ್ಟು ಉಟ್ಟು ಮೆತ್ತಗೆ ಮಾಡಿದ ಹಸಿರು ಸೀರೆ. ಹೊಲಿಯುವವಳು ಮಸ್ಕಿಯ ಖಾಜಾಬಿ. ನಾನು ಸಂತೆಯಲ್ಲಿ ಗಂಟು ಬಿಚ್ಚುತ್ತಿದ್ದ ಕಾಲದಿಂದ ಪರಿಚಯ. ಆಗಲೂ ನನ್ನ ತುಂಡು ಬಟ್ಟೆಗಳನ್ನು ನಾನು ಹೇಳಿದ್ದಕ್ಕಿಂತ ಕಡಿಮೆಗೆ ಒಯ್ಯುತ್ತಿದ್ದವಳು ಅವಳೊಬ್ಬಳೇ. ಅಂಥವರ ಮೇಲೆ ನನಗೆ ಭಕ್ತಿ.

ತೊಟ್ಟಿಲ ಕೌದಿ ಸಣ್ಣದು. ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು, ಒಟ್ಟು ಒಂಬತ್ತು ದೊಡ್ಡ ಚೌಕ. ಖಾಜಾಬಿಯ ಷರತ್ತು ಒಂದೇ: ಒಂದೇ ಬಣ್ಣದ ಎರಡು ತುಂಡು ಮಗ್ಗುಲಿಗೆ ಮಗ್ಗುಲು ಕೂಡಬಾರದು. ಎಡಬಲಕ್ಕೂ ಇಲ್ಲ, ಮೇಲೆ ಕೆಳಗೂ ಇಲ್ಲ. ಮೂಲೆಗೆ ಮೂಲೆ ತಾಗಿದರೆ ಅಡ್ಡಿಯಿಲ್ಲ. "ಒಂದ ಬಣ್ಣ ಬಾಜೂಕ ಬಾಜೂಕ ಕುಂತ್ರ ಕೌದಿ ಅನ್ನಂಗಿಲ್ರಿ ಸಾವ್ಕಾರ್ರ, ಹರದ ಅಂಗಿಗಿ ತ್ಯಾಪಿ ಹಚ್ಯಾರ ಅಂತಾರ" ಎಂದಳು.

ಅವಳ ಷರತ್ತು ನನಗೆ ತಕ್ಷಣ ಹಿಡಿಸಿತು. ಏಕೆಂದರೆ ಅದನ್ನು ನಾನು ಸಂತೆಯಲ್ಲಿ ಏಟು ತಿಂದು ಕಲಿತವನು. ಮೊದಲ ವಾರ ನಾನು ಮಸ್ಕಿಯ ಸಂತೆಯಲ್ಲಿ ಇನ್ನೊಬ್ಬ ಬಟ್ಟೆಯವನ ಪಕ್ಕದಲ್ಲೇ ಗಂಟು ಬಿಚ್ಚಿದೆ. ಗಿರಾಕಿಗಳು ಅವನ ರೇಟಿನಿಂದ ನನ್ನನ್ನು ಹೊಡೆದರು, ನನ್ನ ರೇಟಿನಿಂದ ಅವನನ್ನು ಹೊಡೆದರು. ಸಂಜೆಗೆ ಇಬ್ಬರೂ ಒಂದೇ ಚಹಾ ಹಂಚಿಕೊಂಡು ಎದ್ದೆವು. ಮುಂದಿನ ವಾರ ಒಣಮೆಣಸಿನಕಾಯಿಯವನಿಗೂ ಗಡಿಗೆ ಮಾರುವವಳಿಗೂ ನಡುವೆ ಕೂತೆ. ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು ತುಂಬಿಕೊಂಡವರು ಬಟ್ಟೆಯ ಬಣ್ಣ ಅಷ್ಟಾಗಿ ಪರೀಕ್ಷಿಸುತ್ತಿರಲಿಲ್ಲ. ಆವತ್ತಿನಿಂದ ಹೇಳುತ್ತಿದ್ದೇನೆ: ನೆರೆಯವನು ನಿನ್ನಂಥವನೇ ಆಗಿರಬಾರದು, ನಿನಗೆ ಉಪಯೋಗವಾಗುವಂಥವನಾಗಿರಬೇಕು. ಮದುವೆಯ ಊಟದ ಪಂಕ್ತಿಯಲ್ಲೂ ಇದೇ ನಿಯಮ. ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಕಿವಿ ಮಂದವಾದ ಹಿರಿಯರೊಬ್ಬರನ್ನು ಕೂಡಿಸಿದರೆ ಸಾರು ಬರುವವರೆಗೆ ಶಾಂತಿ ಇರುತ್ತದೆ.

ಖಾಜಾಬಿಯ ಷರತ್ತಿನ ಮೇಲೆ ನಮ್ಮ ಬೀಗತಿ ತಮ್ಮದೂ ಸೇರಿಸಿದರು. ಅವರು ಫೋನಿನಲ್ಲಿ ಮಾತಾಡುವುದು ಬಹಳ ಮೃದು. ಮೃದುವಾಗಿ ಮಾತಾಡುವವರ ಜೊತೆ ಸೌದಾ ಮಾಡುವಾಗ ಎಚ್ಚರವಿರಬೇಕು, ಇದು ಬಿಟ್ಟಿಯ ಮೂರನೆಯ ಬುದ್ಧಿಮಾತು.

"ಬೀಗರ, ನಾ ಏನ್ ಜಾಸ್ತಿ ಕೇಳಂಗಿಲ್ರಿ. ಮೂರೂ ಸೀರಿ ಸಮ ಇರಲಿ. ಒಂದಕ್ಕೊಂದು ಹೆಚ್ಚಿಲ್ಲ, ಕಡಿಮಿಲ್ಲ, ಮೂರ್ಮೂರು ತುಂಡು."

"ನ್ಯಾಯದ ಮಾತ ಅಕ್ಕಾರ" ಎಂದೆ.

"ಹೌದಲ್ಲ್ರಿ ಮತ್ತ. ನಡುವಿನ ತುಂಡು ಅಷ್ಟ ನಮ್ದ ಇರಲಿ. ಕೂಸಿನ ಬೆನ್ನು ಅಜ್ಜಿ ಸೀರಿ ಮ್ಯಾಲ ಇರಬೇಕಂತಾರ."

ಪಕ್ಕದಲ್ಲೇ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ನೀಲಮ್ಮ ಕೈ ನಿಲ್ಲಿಸಿದಳು. ಫೋನು ಇಟ್ಟ ಮೇಲೆ ಕೇಳಿದಳು: "ಅಜ್ಜಿ ಅಂದ್ರ ನಾ ಅಲ್ಲೇನು? ಹಡದಾಕಿ ನನ್ನ ಮಗಳು. ಬಾಣಂತನ ನನ್ನ ಮನ್ಯಾಗ. ನಡುವ ಅವರ್ದ ಹ್ಯಾಂಗ ಆಕೈತಿ?"

ಮರುದಿನ ಬೀಗತಿಯ ಫೋನು ಇನ್ನೂ ಮೃದುವಾಗಿ ಬಂತು. "ನಡುವ ಆಗಂಗಿಲ್ಲಂದ್ರ ಬಿಡ್ರಿ ಬೀಗರ, ನೀವ್ ತ್ರಾಸ ತಗೋಬ್ಯಾಡ್ರಿ. ನಮ್ಮ ಸೀರಿ ತಿರಗಿ ಕಳಸ್ರಿ. ಬರೂ ಮುಂದ ನಾವ ಒಂದು ಚಂದನ ಹೊದಿಕಿ ಕೊಂಡ್ಕೊಂಡ ಬರ್ತೀವಿ. ಅಂಗಡ್ಯಾಗ ಬೇಕಾದಂಥವು ಸಿಗತಾವ."

ಯಾವ ಅಂಗಡಿಯಲ್ಲಿ ಎಂದು ಅವರು ಹೇಳಲಿಲ್ಲ. ನನ್ನ ಅಂಗಡಿಯಲ್ಲಿ ಅಲ್ಲ ಎನ್ನುವುದು ದನಿಯಲ್ಲೇ ಇತ್ತು. ನಾನು ನಕ್ಕು ಮುಗಿಸಬಹುದಾಗಿತ್ತು, ಆದರೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಶೋಭಾ ತಲೆ ಎತ್ತದೆ ಒಂದು ಮಾತು ಹೇಳಿದಳು: "ಅಪ್ಪಾ, ಐದನೇ ತಿಂಗಳಿಗೆ ಆ ಮನಿಗಿ ಹೋಗಾಕಿ ನಾ. ನೀವಲ್ಲ, ಅವ್ವ ಅಲ್ಲ. ಗೆದ್ದು ಕಳಸ್ತೀರೋ, ನಗಿಸಿ ಕಳಸ್ತೀರೋ ನೋಡ್ರಿ." ಒಂದು ಗೇಣಗಲದ ಹಳೆಯ ಬಟ್ಟೆ, ಅದರ ಮೇಲೆ ನನ್ನ ಮಗಳ ಸಂಸಾರದ ಸುಖ. ಆಮೇಲೆ ಅವಳು ಎಣ್ಣೆ ಹಚ್ಚುವುದನ್ನು ಮುಂದುವರಿಸಿದಳು. ತನ್ನ ಹಸಿರು ತುಂಡು ಎಲ್ಲಿ ಇರಬೇಕೆಂದು ಅವಳು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಇಂಥ ಹೊತ್ತಿನಲ್ಲಿ ಬುದ್ಧಿವಂತ ಏನು ಮಾಡುತ್ತಾನೆ? ಇರುವ ಮಾಲನ್ನೆಲ್ಲ ಹೊರಗೆ ತೆಗೆಸುತ್ತಾನೆ. ಒಂಬತ್ತು ಚೌಕವನ್ನು ಕೂಡಿಸಲು ಎಷ್ಟು ದಾರಿಗಳಿವೆಯೋ ಅಷ್ಟನ್ನೂ ನೋಡೋಣ, ಎಲ್ಲರಿಗೂ ಒಪ್ಪುವಂಥದ್ದು ಒಂದಾದರೂ ಸಿಕ್ಕೇ ಸಿಗುತ್ತದೆ ಎಂದುಕೊಂಡೆ. ಸೀರೆಯ ರಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಒಂಬತ್ತು ಮನೆ ಗೆರೆ ಎಳೆದೆ. ಅಂಗಡಿಯಿಂದ ಕೆಂಪು, ಹಳದಿ, ಹಸಿರು ಗುಂಡಿಗಳನ್ನು ತಂದೆ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಗುಂಡಿ ಇಡುವುದು, ಎತ್ತುವುದು. ಬಂದವರು ಸಾವುಕಾರರು ಚೌಕಾಬಾರ ಒಬ್ಬರೇ ಆಡುತ್ತಿದ್ದಾರೆ, ಹಾಗಾಗಿ ಗೆಲ್ಲುತ್ತಲೂ ಇದ್ದಾರೆ ಎಂದುಕೊಂಡರು.

ಮೊದಲು ಎರಡೇ ಬಣ್ಣದಿಂದ ನೋಡಿದೆ. ಕೆಂಪು, ಹಳದಿ ಮಾತ್ರ. ಒಂದು ಮೂಲೆಯಲ್ಲಿ ಕೆಂಪು ಇಟ್ಟರೆ ಮುಗಿಯಿತು, ಪಕ್ಕದ್ದು ಹಳದಿ, ಅದರ ಪಕ್ಕದ್ದು ಕೆಂಪು, ಕೊನೆಯವರೆಗೂ ತಾನೇ ಗೊತ್ತಾಗುತ್ತ ಹೋಗುತ್ತದೆ. ಮೂಲೆಯಲ್ಲಿ ಹಳದಿ ಇಟ್ಟರೆ ಇನ್ನೊಂದು. ಎರಡೇ ದಾರಿ. ಒಂಬತ್ತು ಮನೆಯಿರಲಿ, ನೀಲಮ್ಮನ ತವರು ದಢೇಸುಗೂರಿನ ಗದ್ದೆಗಳಷ್ಟು ಮನೆಯಿರಲಿ, ಎರಡೇ. ಇಬ್ಬರು ಬೀಗತಿಯರಷ್ಟೇ ಇರುವ ಜಗತ್ತಿನಲ್ಲಿ ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ಮೂರನೆಯ ಬಣ್ಣವೊಂದು ಬಂದರೆ ಆಟವೇ ಬದಲಾಗುತ್ತದೆ. ನಾಲ್ಕೇ ಮನೆಯ ಚೌಕಕ್ಕೆ ಮೂರು ಬಣ್ಣದಲ್ಲಿ ಹದಿನೆಂಟು ದಾರಿಗಳಾದವು. ಒಂಬತ್ತಕ್ಕೆ ಎಷ್ಟಾದೀತು, ನಲವತ್ತೋ ಐವತ್ತೋ ಎಂದುಕೊಂಡು ಕೂತೆ. ಎಪ್ಪತ್ತು ದಾಟಿದ ಮೇಲೆ ಯಾವುದನ್ನು ಇಟ್ಟಿದ್ದೆ, ಯಾವುದನ್ನು ಬಿಟ್ಟಿದ್ದೆ ಎನ್ನುವುದೇ ಮರೆತುಹೋಯಿತು.

ಆಗ ಹೊಳೆಯಿತು, ಗುಂಡಿ ಇಡುತ್ತ ಕೂಡುವುದು ಬೇಡ, ನಡುವಿನಿಂದ ಶುರು ಮಾಡಬೇಕು ಎಂದು. ನಡುವೆ ಕೆಂಪು ಅನ್ನಿ. ಅದರ ನಾಲ್ಕು ಮಗ್ಗುಲಿಗೆ ಕೆಂಪು ಬರುವಂತಿಲ್ಲ, ಹಳದಿ ಇಲ್ಲವೇ ಹಸಿರು. ನಾಲ್ಕು ಜಾಗಕ್ಕೆ ಎರಡೆರಡು ಆಯ್ಕೆ ಎಂದರೆ ಹದಿನಾರು ಬಗೆ. ಉಳಿದದ್ದು ಮೂಲೆಗಳು. ಪ್ರತಿಯೊಂದು ಮೂಲೆಗೂ ಇಬ್ಬರು ನೆರೆಯವರು. ಆ ಇಬ್ಬರೂ ಒಂದೇ ಬಣ್ಣದವರಾದರೆ ಮೂಲೆಗೆ ಎರಡು ಆಯ್ಕೆ ಇರುತ್ತದೆ. ಅವರಿಬ್ಬರೂ ಬೇರೆ ಬೇರೆಯಾದರೆ ಒಂದೇ, ನಡುವಿನವರ ಬಣ್ಣ. ಸಂಸಾರದಲ್ಲೂ ಹೀಗೇ ಅಲ್ಲವೇ, ಬೇರೆ ಬೇರೆ ಮಾತಾಡುವ ಇಬ್ಬರ ನಡುವೆ ಸಿಕ್ಕಿಬಿದ್ದವನಿಗೆ ಉಳಿಯುವುದು ಮೂರನೆಯವರ ಮನೆಗೆ ಚಹಾಕ್ಕೆ ಹೋಗುವ ದಾರಿಯೊಂದೇ. ಹೀಗೆ ಕೂಡಿಸುತ್ತ ಹೋದರೆ ನಡುವೆ ಕೆಂಪಿದ್ದಾಗ ಎಂಬತ್ತೆರಡು, ಹಳದಿಯಿದ್ದಾಗ ಎಂಬತ್ತೆರಡು, ಹಸಿರಿಗೂ ಅಷ್ಟೇ. ಒಟ್ಟು ಇನ್ನೂರ ನಲವತ್ತಾರು.

ಅಂಗಡಿಗೆ ಅಂಗಿ ಬಟ್ಟೆಗೆ ಬಂದಿದ್ದ ಗಣಿತದ ಮೇಷ್ಟ್ರೊಬ್ಬರಿಗೆ ಮುಚ್ಚಳ ತೋರಿಸಿದೆ. ಅವರು ಬಟ್ಟೆ ಮರೆತು ನನ್ನ ಪಕ್ಕದಲ್ಲೇ ಕೂತರು. ಷರತ್ತೇ ಇಲ್ಲದೆ ಇಟ್ಟರೆ ಹತ್ತೊಂಬತ್ತು ಸಾವಿರದ ಆರುನೂರ ಎಂಬತ್ತಮೂರು ಆಗುತ್ತಿತ್ತು, ನೆರೆಯವರು ಬೇರೆಯಿರಬೇಕು ಎಂಬ ಒಂದೇ ಷರತ್ತು ಅದನ್ನು ಇನ್ನೂರ ನಲವತ್ತಾರಕ್ಕೆ ಇಳಿಸಿತು ಎಂದರು. ಇಷ್ಟು ಚೌಕಾಶಿ ನಾನು ಜನ್ಮದಲ್ಲಿ ಮಾಡಿಲ್ಲ. ಹದಿನಾರು ಮನೆಯ ಕೌದಿಯಾದರೆ ಏಳು ಸಾವಿರದ ಎಂಟುನೂರ ಹನ್ನೆರಡು ಎಂದೂ ಹೇಳಿದರು. ಕೂಸು ಸಣ್ಣದು, ಪುಣ್ಯ ಎಂದೆ. ಮೇಷ್ಟ್ರು ಖುಷಿಯಲ್ಲಿ ರೇಟು ಕೇಳದೆ ಬಟ್ಟೆ ಒಯ್ದರು. ಕನಿಕರವಾಯಿತು.

ಇನ್ನು ಬೀಗತಿಯ ಷರತ್ತು, ಮೂರೂ ಬಣ್ಣ ಮೂರ್ಮೂರು. ಅದನ್ನು ಹಾಕಿ ಜರಡಿ ಹಿಡಿದೆ. ಇನ್ನೂರ ನಲವತ್ತಾರರಲ್ಲಿ ಮೂವತ್ತಾರು ಉಳಿದವು. ಅದರಲ್ಲಿ ನಡುವೆ ಕೆಂಪಿರುವವು ಹನ್ನೆರಡು, ಹಳದಿಯಿರುವವು ಹನ್ನೆರಡು, ಹಸಿರಿರುವವು ಹನ್ನೆರಡು. ಎಷ್ಟು ಜರಡಿ ಹಿಡಿದರೂ ಜಗಳ ಮಾತ್ರ ಸಮಸಮವಾಗಿ ಉಳಿಯುತ್ತಿತ್ತು. ಹಸಿರನ್ನು ನಡುವೆ ಇಟ್ಟುಬಿಡೋಣವೇ ಎಂದು ನೀಲಮ್ಮನನ್ನು ಕೇಳಿದೆ.

"ಇಬ್ಬರೂ ಸೋತಂಗ ಆಗತದ. ಒಬ್ಬರ ಸಿಟ್ಟ ಸಾಲದಂತ ಇಬ್ಬರ ಸಿಟ್ಟ ಕೊಂಡ್ಕೋತೀರೇನು? ನಾಕ್ ದಿನ ಆತು ಗುಂಡಿ ಜೋಡಿಸಾಕತ್ತು. ಗುಂಡಿ ಹಚ್ಚಿದ್ರ ಇಷ್ಟೊತ್ತಿಗಿ ನಿಮ್ಮ ಅಂಗಿಗಾರ ಹಚ್ಚಬಹುದಿತ್ತು" ಎಂದಳು. ಎರಡು ಗುಂಡಿ ಇಲ್ಲದ ಅಂಗಿಯಲ್ಲೇ ನಾನು ಇದ್ದೆ.

ಕೊನೆಗೆ ಕೆಂಪಿನ ಹನ್ನೆರಡರಲ್ಲಿ ಒಂದನ್ನು ಆರಿಸಿದೆ. ನಡುವೆ ಕೆಂಪು, ಮೇಲಿನ ಎರಡು ಮೂಲೆ ಕೆಂಪು. ಕೂಸಿನ ತಲೆಯ ಕಡೆ, ಮೇಲಿನ ಸಾಲಿನ ನಟ್ಟನಡುವೆ ಹಳದಿ, ಕಾಲಿನ ಕಡೆಯ ಎರಡು ಮೂಲೆಯೂ ಹಳದಿ. ಎಡಕ್ಕೆ, ಬಲಕ್ಕೆ, ಪಾದದ ಕೆಳಗೆ ಹಸಿರು. ಇದನ್ನು ಬೀಗತಿಗೆ ಮಾರಬೇಕು. ಮಾರಲಾಗದ ಮಾಲನ್ನು ಮಾರುವ ಉಪಾಯವೆಂದರೆ ಅದರಲ್ಲಿ ಗಿರಾಕಿ ಕೇಳದೇ ಇದ್ದ ಗುಣವೊಂದನ್ನು ಹೊಗಳುವುದು.

"ಅಕ್ಕಾರ, ತಲಿ ಕಡಿ ನೀವು ಅದೀರಿ. ಕೂಸಿನ ತಲಿ ಮ್ಯಾಲ ನಿಮ್ಮ ಸೀರಿ, ಛತ್ರಿ ಹಿಡದಂಗ. ಅದರಕಿಂತ ದೊಡ್ಡ ಜಾಗ ಯಾವದ್ರಿ?"

ಅತ್ತ ಕಡೆಯಿಂದ ಅದೇ ಮೃದು ದನಿ ಬಂತು: "ಬೀಗರ, ಅಷ್ಟ ದೊಡ್ಡ ಜಾಗ ಇದ್ರ ನಿಮಗ ಇರಲಿ. ನಡುವ ಸಣ್ಣದ ಇರಲಿ, ನಮಗ ಕೊಡ್ರಿ."

ಇಷ್ಟು ಚಂದದ ಸೌದಾ ನಾನು ಮಾಡಿದ್ದರೆ ಇಷ್ಟು ಹೊತ್ತಿಗೆ ಮೂರನೆಯ ಬಾಗಿಲು ತೆರೆದಿರುತ್ತಿದ್ದೆ.

ತೊಟ್ಟಿಲಿಗೆ ಐದು ದಿನ ಉಳಿದಿದ್ದವು. ಖಾಜಾಬಿಗೆ ಹೊಲಿಯಲು ಅಷ್ಟು ದಿನ ಬೇಕೇ ಬೇಕು. ನಾನು ಮನೆಯಲ್ಲಿ ರಾಯಚೂರಿಗೆ ಮಾಲು ತರಲು ಹೋಗುತ್ತೇನೆಂದು ಹೇಳಿ, ರಾಯಚೂರಿನ ಬಸ್ಸು ಬಿಟ್ಟು ಮಸ್ಕಿಯ ಬಸ್ಸು ಹತ್ತಿದೆ. ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಮಸ್ಕಿ. ನಡುವಿನ ಜಗಳ ನಡುವಿನ ಊರಲ್ಲೇ ಬಗೆಹರಿಯಲಿ ಎಂದುಕೊಂಡೆ. ಕೈಯಲ್ಲಿ ಖಾಜಾಬಿಗೆಂದು ಒಳ್ಳೆಯ ನೂಲಿನ ಎರಡು ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ. ಅದನ್ನು ಲಂಚ ಎನ್ನಬೇಡಿ, ಹಳೆಯ ಪರಿಚಯ.

ಖಾಜಾಬಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಮುಚ್ಚಳ ತೆಗೆದು ಹನ್ನೆರಡು ಬಗೆಯನ್ನೂ ಗುಂಡಿಯಲ್ಲಿ ಇಟ್ಟು ಇಟ್ಟು ತೋರಿಸಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ ನೋಡಿದಳು.

"ಹನ್ನೆರಡಲ್ರಿ ಸಾವ್ಕಾರ್ರ. ಮೂರ ಅದಾವ."

"ನಾ ನಾಕ್ ದಿನ ಎಣಿಸೀನಿ ಖಾಜಾಬಿ."

"ನಾ ನಲವತ್ತ ವರ್ಷ ಹೊಲದೀನಿ." ಮುಚ್ಚಳವನ್ನು ಕೈಗೆ ತೆಗೆದುಕೊಂಡು ಗಡಿಯಾರದ ಮುಳ್ಳಿನಂತೆ ಒಂದೊಂದು ಸಲಕ್ಕೆ ಕಾಲುಭಾಗದಷ್ಟು ತಿರುಗಿಸಿದಳು. ತಲೆಯ ಕಡೆ ಇದ್ದದ್ದು ಬಲಕ್ಕೆ ಬಂತು, ಬಲದ್ದು ಕಾಲಿಗೆ, ಕಾಲಿನದು ಎಡಕ್ಕೆ. "ಇದು ನಿಮ್ಮ ಎರಡನೇದು, ಇದು ಮೂರನೇದು, ಇದು ನಾಕನೇದು. ಕೌದಿ ಒಂದ. ಕೂಸಿಗೇನ್ ತಲಿ ಯಾ ಕಡಿ ಹಾಕಿದ್ರೂ ನಿದ್ದಿ ಬರತೈತಿ. ಕಾಯ್ಕು, ಯಾಕ ಇಷ್ಟ ತಲಿ ಕೆಡಿಸ್ಕೊಂಡೀರಿ?"

ಹನ್ನೆರಡನ್ನು ನಾಲ್ಕರಿಂದ ಭಾಗಿಸಿದರೆ ಮೂರು. ಸರಿಯಿತ್ತು. ಇನ್ನೂರ ನಲವತ್ತಾರರಿಂದ ಹೊರಟು ನಾಲ್ಕು ದಿನ ನಡೆದು ನಾನು ಬಂದು ಮುಟ್ಟಿದ ಊರಿನಲ್ಲಿ ಈಕೆ ಮೊದಲೇ ಕಾಲು ಚಾಚಿ ಕೂತಿದ್ದಳು. ಓದು ಬರಹ ಬಾರದ ಖಾಜಾಬಿಯ ಮುಂದೆ ಮುಚ್ಚಳವನ್ನು ಮಡಚಿ ಚೀಲಕ್ಕೆ ಹಾಕಿದೆ. ಆಮೇಲೆ ದನಿ ತಗ್ಗಿಸಿ, ನಡುವೆ ಕೆಂಪೇ ಇರಲಿ, ಬೀಗತಿ ಕೇಳಿದರೆ ಅಳತೆ ತಪ್ಪಿ ಹಾಗಾಯಿತೆಂದು ಹೇಳು, ನನ್ನ ಹೆಸರು ಬರಬಾರದು, ಮನೆಯಲ್ಲಿ ನಾನು ರಾಯಚೂರಿಗೆ ಹೋಗಿದ್ದೇನೆಂದು ತಿಳಿದಿದ್ದಾರೆ ಎಂದೆ.

"ನಡುವ ನಿಮ್ದ. ಚಿಂತಿ ಬಿಡ್ರಿ" ಎಂದಳು. ಕುಬಸದ ಕಣವನ್ನು ತಿರುವಿ ಹಿಂದಿನ ಮಗ್ಗುಲು ನೋಡಿ ಪೆಟ್ಟಿಗೆಯಲ್ಲಿಟ್ಟಳು. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಣ್ಣ ಚೀಲ ಸೋನಾ ಅಕ್ಕಿಯೂ, ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆಯೂ ಕಂಡವು. ಖಾಜಾಬಿಯ ದಿನಗಳು ಚೆನ್ನಾಗಿವೆ ಎಂದುಕೊಂಡೆನೇ ಹೊರತು ಅಕ್ಕಿ ದಢೇಸುಗೂರಿನ ನೀಲಮ್ಮನ ತವರಿನದು, ಹೋಳಿಗೆ ಲಿಂಗಸುಗೂರಿನದು ಎಂದು ನನಗೆ ಹೊಳೆಯಲಿಲ್ಲ. ಇನ್ನೂರ ನಲವತ್ತಾರನ್ನು ಎಣಿಸಿದವನಿಗೆ ಎರಡನ್ನು ಎಣಿಸುವ ಅಭ್ಯಾಸ ತಪ್ಪಿಹೋಗಿತ್ತು.

ತೊಟ್ಟಿಲ ದಿನ ಬೀಗರು ಬಂದರು. ಶಂಕ್ರಮ್ಮನವರ ಕೈಯಲ್ಲಿ ಅಂಗಡಿಯ ಹೊದಿಕೆ ಇರಲಿಲ್ಲ. ಖಾಜಾಬಿ ಕೌದಿ ತಂದಳು. ಅದನ್ನು ಬಿಡಿಸಿ ತೊಟ್ಟಿಲಲ್ಲಿ ಹಾಸಿದಳು. ನಡುವೆ ಕೆಂಪು. ನಾನು ಬೀಗತಿಯ ಮುಖ ನೋಡಲು ಧೈರ್ಯವಾಗದೆ ಎಲೆ ಅಡಿಕೆ ತಟ್ಟೆ ನೋಡಿದೆ. ಆಮೇಲೆ ಓರೆಗಣ್ಣಿನಿಂದ ನೋಡಿದರೆ ಅವರು ನಗುತ್ತಿದ್ದರು. ಕೌದಿಯ ಅಂಚನ್ನು ಎತ್ತಿ ಒಂದು ಸಲ ಕೆಳಗೆ ಇಣುಕಿದರು, ಮತ್ತೆ ನಕ್ಕರು. ನೀಲಮ್ಮನೂ ನಗುತ್ತಿದ್ದಳು. ನನಗೆ ಭಯ ಶುರುವಾದದ್ದು ಆಗಲೇ. ಒಂದು ಸೌದಾ ಮುಗಿದ ಮೇಲೆ ಎರಡೂ ಕಡೆಯವರು ನಗುತ್ತಿದ್ದರೆ ಯಾರಿಗೋ ಟೋಪಿ ಬಿದ್ದಿದೆ ಎಂದೇ ಅರ್ಥ, ಮತ್ತು ಆ ಯಾರೋ ಸಾಮಾನ್ಯವಾಗಿ ನಗದೇ ಇರುವವನು.

ಹೆಸರಿಟ್ಟಾಯಿತು, ಹಾಡು ಹೇಳಿದ್ದಾಯಿತು. ಕೂಸು ತನ್ನ ಕೆಲಸ ಮಾಡಿತು. ಎರಡು ಊರು ಬಡಿದಾಡಿದ ನಡುವಿನ ತುಂಡೇ ಎಲ್ಲಕ್ಕಿಂತ ಮೊದಲು ಒದ್ದೆಯಾಯಿತು. ಶೋಭಾ ಕೂಸನ್ನು ಎತ್ತಿ ನೀಲಮ್ಮನ ಕೈಗೆ ಕೊಟ್ಟು, ಕೌದಿಯನ್ನು ತೆಗೆದು ಮಗುಚಿ ಹಾಸಿದಳು.

ಕೌದಿಯ ಕೆಳಮಗ್ಗುಲಿಗೆ ಸಾಮಾನ್ಯವಾಗಿ ಒಂದೇ ಬಣ್ಣದ ಹಳೆಯ ಬಟ್ಟೆ ಹಾಕುತ್ತಾರೆ. ಅದಕ್ಕೇ ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇಲ್ಲಿ ಕೆಳಗೂ ಒಂಬತ್ತು ಚೌಕ. ನಡುವೆ ಹಳದಿ. ಮೇಲಿನ ಮೂಲೆಗಳೆರಡೂ ಹಳದಿ. ಮೇಲುಮಗ್ಗುಲಲ್ಲಿ ಕೆಂಪಿದ್ದಲ್ಲೆಲ್ಲ ಇಲ್ಲಿ ಹಳದಿ, ಹಳದಿಯಿದ್ದಲ್ಲೆಲ್ಲ ಕೆಂಪು.

"ಹೋದ ಸೋಮವಾರನ ಹೇಳಿದ್ಲು ಖಾಜಾಬಿ ನನಗ, ನಡುವ ನಿಮ್ದ ಅಂತ" ಎಂದರು ಶಂಕ್ರಮ್ಮ, ಮೃದುವಾಗಿ.

"ನನಗ ಮಂಗಳವಾರ ಹೇಳ್ಯಾಳ" ಎಂದಳು ನೀಲಮ್ಮ. ಆಮೇಲೆ ತಾನು ಏನು ಒಪ್ಪಿಕೊಂಡೆನೆಂದು ತಿಳಿದು ನಾಲಿಗೆ ಕಚ್ಚಿಕೊಂಡಳು.

ಇಲ್ಲಿಂದ ಜಗಳವೂ ಆಗಬಹುದಾಗಿತ್ತು. ಬೀಗತಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಇಬ್ಬರೂ ಕೂಡಿ ಖಾಜಾಬಿಯನ್ನು ನೋಡಿದರು. ಖಾಜಾಬಿ ಹೋಳಿಗೆ ತಿನ್ನುತ್ತಿದ್ದಳು.

"ನಾ ಸುಳ್ಳ ಹೇಳೀನೇನ್ರಿ ಬಾಯ್ಯಾರ? ಇಬ್ಬರಿಗೂ ನಡುವ ಕೊಟ್ಟೀನಿ. ಬುಧವಾರ ಸಾವ್ಕಾರ್ರಿಗೂ ಅದನ್ನ ಹೇಳೀನಿ. ಅವರು ಪಾಪ ರಾಯಚೂರಿಗಿ ಹೊಂಟವ್ರು ದಾರಿ ತಪ್ಪಿ ಮಸ್ಕಿಗಿ ಬಂದಿದ್ರು."

ಮೊದಲು ನಕ್ಕವರು ಶಂಕ್ರಮ್ಮ. ನೀಲಮ್ಮ ನಗು ತಡೆಯಲು ನೋಡಿದಳು, ಕೂಸಿನ ತಲೆಯ ಹಿಂದೆ ಮುಖ ಮುಚ್ಚಿಕೊಂಡಳು. ಆಮೇಲೆ ಇಬ್ಬರೂ ಸೇರಿ ನನ್ನನ್ನು ನೋಡಿ ನಕ್ಕರು. ಎರಡು ಮನೆಗಳನ್ನು ಕೂಡಿಸಲು ಎಲ್ಲರೂ ಒಪ್ಪಿ ನಗುವಂಥ ಒಬ್ಬ ಮನುಷ್ಯ ಬೇಕು ಎನ್ನುತ್ತಾರಲ್ಲ, ಆವತ್ತು ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಕೌದಿಯನ್ನು ನೋಡುತ್ತ ನಿಂತಿದ್ದೆ. ಸಿಂಧನೂರಿನ ಅರ್ಧ ಊರಿಗೆ ಬಟ್ಟೆ ತಿರುವಿ ನೋಡಿ ಎಂದು ಪಾಠ ಹೇಳಿದವನು ಗುಂಡಿಯಿಟ್ಟ ಮುಚ್ಚಳವನ್ನು ಒಂದು ಸಲವೂ ತಿರುವಿರಲಿಲ್ಲ. ತಿರುವಿದ್ದರೆ ಗುಂಡಿಗಳು ಬೀಳುತ್ತಿದ್ದವು, ನಿಜ. ಆದರೆ ಅದು ನೆಪ.

ರಾತ್ರಿ ಊಟವಾದ ಮೇಲೆ ಎರಡೂ ಮುಖ ಸೇರಿಸಿದರೆ ಎಷ್ಟು ಕೌದಿ ಎಂದು ಇನ್ನೂರ ನಲವತ್ತಾರನ್ನು ಇನ್ನೂರ ನಲವತ್ತಾರರಿಂದ ಗುಣಿಸಿದೆ. ಅರವತ್ತು ಸಾವಿರದ ಐದುನೂರ ಹದಿನಾರು ಬಂತು. ನೀಲಮ್ಮ ಬಂದು ಗುಂಡಿಯ ಡಬ್ಬಿಯನ್ನು ಒಯ್ದು ಮೇಲಿನ ಅಟ್ಟದಲ್ಲಿಟ್ಟಳು.

ಐದನೆಯ ತಿಂಗಳಿಗೆ ಶೋಭಾಳನ್ನು, ಕೂಸನ್ನು, ಕೌದಿಯನ್ನು ಲಿಂಗಸುಗೂರಿಗೆ ಬಿಟ್ಟುಬಂದೆವು. ಹದಿನೈದು ದಿನದ ಮೇಲೆ ಮುದಗಲ್ಲಿನ ಗಿರಾಕಿಯೊಬ್ಬರ ಮದುವೆಯ ಜವಳಿ ತಲುಪಿಸಿ ಬರುವಾಗ ನಾನೂ ನೀಲಮ್ಮನೂ ಬೀಗರ ಮನೆಗೆ ಇಳಿದೆವು. ಶಂಕ್ರಮ್ಮ ಚಹಾ ಕೊಟ್ಟರು. ಕೂಸು ನೆಲದ ಮೇಲೆ ಕೌದಿಯಲ್ಲಿ ಮಲಗಿತ್ತು, ಕಾಲು ಮೇಲೆತ್ತಿ ತನ್ನ ಬೆರಳುಗಳನ್ನೇ ಹೊಸ ಮಾಲಿನಂತೆ ಪರೀಕ್ಷಿಸುತ್ತಿತ್ತು. ಇವತ್ತು ಕೌದಿಯ ಯಾವ ಮಗ್ಗುಲು ಮೇಲಿದೆ ಎಂದು ಕೇಳುವುದು ಆ ಮನೆಯಲ್ಲಿ ಈಗ ದಿನದ ಚೇಷ್ಟೆಯಾಗಿಬಿಟ್ಟಿದೆಯಂತೆ.

"ಹೇಳ್ರಿ ಬೀಗರ, ಇವತ್ತ ಯಾರ ರಾಜ್ಯ ನಡದೈತಿ? ಕೂಸನ್ನ ಎತ್ತಬಾರದು ಮತ್ತ" ಎಂದರು ಶಂಕ್ರಮ್ಮ.

ನಡುವಿನ ತುಂಡು ಕೂಸಿನ ಬೆನ್ನಿನ ಕೆಳಗೆ ಅಡಗಿತ್ತು. ಅಷ್ಟು ಬಡಿದಾಡಿದ ಜಾಗ, ಕೂಸು ಮಲಗಿದರೆ ಯಾರ ಕಣ್ಣಿಗೂ ಕಾಣುವುದಿಲ್ಲ ಎನ್ನುವುದು ಐದು ತಿಂಗಳಲ್ಲಿ ನಮ್ಮ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಆದರೆ ನನ್ನನ್ನು ಸೋಲಿಸುವುದು ಸುಲಭವಲ್ಲ. ಮೂರೂ ಬಣ್ಣ ಮೂರ್ಮೂರು ಸಲ ಇರುವುದರಿಂದ ಸುತ್ತಲಿನ ಎಂಟರಲ್ಲಿ ಯಾವ ಬಣ್ಣ ಎರಡೇ ಸಲ ಕಾಣುತ್ತದೋ ಅದರ ಮೂರನೆಯದು ಕೂಸಿನ ಕೆಳಗೆ. ಎತ್ತದೆ ಹೇಳಬಹುದು. ನಾನು ಬಾಯಲ್ಲಿ ಎಣಿಸತೊಡಗಿದೆ. ಎರಡಕ್ಕೆ ಬಂದು ಉತ್ತರ ಸಿಕ್ಕಿ, ಎದೆ ಉಬ್ಬಿಸಿ, ಹೇಳಬೇಕು ಎನ್ನುವಷ್ಟರಲ್ಲಿ ಕೂಸು ಒಂದು ಸಲ ಮುಲುಕಿ, ಸೊಂಟ ತಿರುಗಿಸಿ, ಬಲಮಗ್ಗುಲಿಗೆ ಹೊರಳಿಬಿಟ್ಟಿತು. ಅದು ಹೊರಳಿದ್ದು ಅದೇ ಮೊದಲು.

ಶಂಕ್ರಮ್ಮ ಚಹಾದ ಬಟ್ಟಲು ಅಲ್ಲೇ ಇಟ್ಟರು. ನೀಲಮ್ಮ ನೆಲಕ್ಕೆ ಕೂತಳು. ಇಬ್ಬರು ಅಜ್ಜಿಯರೂ ಕೈ ತಟ್ಟಿ ಇನ್ನೊಂದು ಸಲ ಹೊರಳು ಎಂದು ಬೇಡಿಕೊಳ್ಳತೊಡಗಿದರು. ಅದು ಅವರ ಮಾತು ಕೇಳಿದಂತೆ ಎಡಕ್ಕೂ ಹೊರಳಿತು. ಬಲಕ್ಕೆ ಬಿದ್ದಾಗಲೂ ಹಸಿರು ತುಂಡಿನ ಮೇಲೆ, ಎಡಕ್ಕೆ ಬಿದ್ದಾಗಲೂ ಹಸಿರು ತುಂಡಿನ ಮೇಲೆ.

ನಾನು ಶೋಭಾಳ ಮುಖ ನೋಡಿದೆ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು.

"ನೀನೂ ಖಾಜಾಬಿಗೆ ಫೋನ್ ಮಾಡಿದ್ದೇನು?" ಎಂದೆ.

"ಎಲ್ಲಾರೂ ನಡುವ ಕೇಳಾಕತ್ತಿದ್ರಿ. ಮಗ್ಗಲ ಖಾಲಿ ಇದ್ವು, ಕೇಳಿದೆ. ಎರಡೂ ಕಡೆ ಕೊಟ್ಲು" ಎಂದಳು.

ಗಿರಾಕಿಗಳೆಲ್ಲ ಒಂದೇ ಮಾಲಿಗೆ ಮುಗಿಬಿದ್ದಾಗ ಪಕ್ಕದ ಮಾಲನ್ನು ಸುಮ್ಮನೆ ಕಟ್ಟಿಸಿಕೊಂಡು ಹೋಗಬೇಕು ಎನ್ನುವುದು ನಾನು ಎಲ್ಲರಿಗೂ ಹೇಳಬೇಕಾಗಿದ್ದ ನಾಲ್ಕನೆಯ ಬುದ್ಧಿಮಾತು. ಹೇಳುವುದನ್ನು ಮರೆತಿದ್ದೆ. ಅವಳು ಹೇಳಿಸಿಕೊಳ್ಳದೆಯೇ ಕಲಿತಿದ್ದಳು.

ಸಿಂಧನೂರಿಗೆ ಮರಳುವ ಬಸ್ಸಿನಲ್ಲಿ, ಮಸ್ಕಿ ದಾಟಿದ ಮೇಲೆ, ನೀಲಮ್ಮ ಕೇಳಿದಳು: "ಅಂದಂಗ, ಇವತ್ತ ನಡುವ ಯಾರ್ದಿತ್ತು?"

ಕೂಸು ಹೊರಳಿದಾಗ ಅದು ಎಲ್ಲರ ಕಣ್ಣ ಮುಂದೆಯೇ ಬಿಚ್ಚಿಕೊಂಡು ಬಿದ್ದಿತ್ತು. ಅದಕ್ಕೂ ಮೊದಲು ನಾನು ಎಣಿಸಿ ಗೊತ್ತುಮಾಡಿಕೊಂಡಿದ್ದೆ. ಎಷ್ಟು ನೆನಪಿಸಿಕೊಂಡರೂ ಕೂಸು ಹೊರಳಿದ್ದೊಂದೇ ನೆನಪಿಗೆ ಬರುತ್ತಿತ್ತು. ನೋಡಿದ ಬಟ್ಟೆಯ ಬಣ್ಣ ಮರೆತದ್ದು ನನ್ನ ವ್ಯಾಪಾರದ ಜನ್ಮದಲ್ಲಿ ಅದೊಂದೇ ಸಲ.

"ನಿಂದ" ಎಂದೆ. ನಾಳೆ ಶಂಕ್ರಮ್ಮ ಫೋನ್ ಮಾಡಿ ಕೇಳಿದರೆ ಅವರಿಗೂ "ನಿಮ್ದ" ಎಂದೇ ಹೇಳುವವನಿದ್ದೇನೆ.